ರೊಂಗೊರೊಂಗೊ ಲಿಪಿಯನ್ನು ಓದಲು ಬಾರದಿದ್ದರೂ ಅದರಲ್ಲಿ ಚಾಂದ್ರಮಾನ ಕ್ಯಾಲೆಂಡರ್ ಇದೆ ಎಂದು ಹೇಗೆ ಹೇಳುತ್ತಾರೆ?

ಓದಿ ಅಲ್ಲ, ಎಣಿಸಿ. ರೊಂಗೊರೊಂಗೊ ಪೆಸಿಫಿಕ್ ಸಾಗರದ ಈಸ್ಟರ್ ದ್ವೀಪದ ಲಿಪಿ. ಅದನ್ನು ಕೆತ್ತಿರುವ ಮಾಮಾರಿ ಎಂಬ ಮರದ ಹಲಗೆಯ ಒಂದು ಮುಖದಲ್ಲಿ, 6ರಿಂದ 9ನೇ ಸಾಲಿನವರೆಗೆ, ಅರ್ಧಚಂದ್ರದ ಚಿಹ್ನೆಗಳು ಗುಂಪುಗುಂಪಾಗಿ ಬರುತ್ತವೆ. ಇದು ಕ್ಯಾಲೆಂಡರ್ ಎಂದು 1958ರಲ್ಲಿ ಗುರುತಿಸಿದವರು ಜರ್ಮನ್ ವಿದ್ವಾಂಸ ಥಾಮಸ್ ಬಾರ್ಥೆಲ್. ದ್ವೀಪವಾಸಿಗಳಿಂದ ಬರೆದುಕೊಂಡ ತಿಂಗಳ ರಾತ್ರಿಗಳ ಹೆಸರುಗಳ ಪಟ್ಟಿಯನ್ನು ಪಕ್ಕದಲ್ಲಿಟ್ಟುಕೊಂಡರೆ ವಿಷಯ ಬಿಡಿಸಿಕೊಳ್ಳುತ್ತದೆ. ಅದರಲ್ಲಿ ‘ಕೊಕೊರೆ ಒಂದು’, ‘ಕೊಕೊರೆ ಎರಡು’ ಎಂಬಂತೆ ಸಂಖ್ಯೆಯಿಂದಲೇ ಕರೆಯುವ ರಾತ್ರಿಗಳು ಹುಣ್ಣಿಮೆಗೆ ಮೊದಲು ಒಂದು ಸರಣಿ, ಆಮೇಲೆ ಇನ್ನೊಂದು. ಹಲಗೆಯ ಅರ್ಧಚಂದ್ರಗಳ ಗುಂಪುಗಳು ಇವಕ್ಕೆ ಹೊಂದುತ್ತವೆ. ನಡುನಡುವೆ ಬರುವ ಮೀನಿನ ಚಿಹ್ನೆ ಇನ್ನೂ ಒಳ್ಳೆಯ ಸುಳಿವು: ಶುಕ್ಲಪಕ್ಷದಲ್ಲಿ ತಲೆ ಮೇಲೆ, ಕೃಷ್ಣಪಕ್ಷದಲ್ಲಿ ತಲೆ ಕೆಳಗೆ.

ಆದರೆ ಇದು ಚಿಹ್ನೆಗಳ ಉಚ್ಚಾರಣೆಯನ್ನು ತಿಳಿಸುವುದಿಲ್ಲ. ಬೇರೆ ಹಲಗೆಯಲ್ಲಿ ಅರ್ಧಚಂದ್ರ ಕಂಡೊಡನೆ ಅದೂ ಕ್ಯಾಲೆಂಡರೇ ಎನ್ನುವವರು ಎಡವುವುದು ಇಲ್ಲೇ. ಒಂಟಿ ಚಿಹ್ನೆ ಪುರಾವೆಯಲ್ಲ, ಕ್ರಮ ಹೊಂದಬೇಕು.