ಫೋರ್ಕ್ ಇಲ್ಲದ ಹಳೇ ಸ್ಟೀಲ್ ಸೈಕಲ್ ಫ್ರೇಮ್, ತಗೊಳ್ಳಬಹುದಾ?

80ರ ದಶಕದ ಕೊನೆಯ ಕ್ರೋಮೋಲಿ (ಕ್ರೋಮಿಯಂ, ಮಾಲಿಬ್ಡಿನಂ ಬೆರೆತ ಸ್ಟೀಲ್) ಮೌಂಟನ್ ಬೈಕ್ ಫ್ರೇಮ್, ಫೋರ್ಕ್ (ಮುಂದಿನ ಚಕ್ರ ಹಿಡಿಯುವ ಕವಲು) ಇಲ್ಲ, ಮಾರುವವರು ಅಪರೂಪದ್ದು ಅಂತ ಜಾಸ್ತಿ ಕೇಳುತ್ತಿದ್ದಾರೆ ಅಂದಿರಿ. ಫೋರ್ಕ್ ಇಲ್ಲ ಅನ್ನುವುದಕ್ಕೇ ಬೆಲೆ ಚೆನ್ನಾಗಿ ಇಳಿಸಿ. ಜೊತೆಗೆ ಬಂದ ಫೋರ್ಕ್ ಮತ್ತೆ ಸಿಗುವುದು ಕಷ್ಟ, ಬೇರೆ ಹಾಕೋಣ ಅಂದರೆ ಸ್ಟೀರರ್ (ಫೋರ್ಕಿನಿಂದ ಮೇಲೆ ಫ್ರೇಮಿನೊಳಗೆ ಹೋಗುವ ಕೊಳವೆ) 1 ಇಂಚಾ 1⅛ ಇಂಚಾ ನೋಡಬೇಕು, ಉದ್ದವೂ ಹೊಂದಬೇಕು, ಉದ್ದದ ಸಸ್ಪೆನ್ಷನ್ ಫೋರ್ಕ್ ಹಾಕಿದರೆ ಮುಂಭಾಗ ಎತ್ತರವಾಗಿ ಹ್ಯಾಂಡಲ್ ತಿರುಗುವ ರೀತಿಯೇ ಬದಲಾಗುತ್ತದೆ.

ಟ್ಯೂಬ್ ಯಾವ ಗುಣಮಟ್ಟದ್ದು ಅಂತ ಫ್ರೇಮಿನ ಸ್ಟಿಕ್ಕರ್ ನೋಡಿ ನಂಬಬೇಡಿ, ಅದನ್ನು ಯಾರು ಬೇಕಾದರೂ ಅಂಟಿಸಬಹುದು ಅಲ್ವಾ? ಸೀಟ್ ಪೋಸ್ಟ್ (ಸೀಟ್ ಹೊರುವ ಕಂಬಿ) ಹೊರಗೆ ತೆಗೆಸಿ, ಅದರ ಮೇಲೆ ಬರೆದ ಅಳತೆ ಓದಿ. ಆ ಪೋಸ್ಟ್ ಇಳಿಯುವ ಫ್ರೇಮಿನ ಕೊಳವೆ, ಅಂದರೆ ಸೀಟ್ ಟ್ಯೂಬ್, ಹೊರಗಿನಿಂದ 28.6 ಮಿ.ಮೀ. ಇದ್ದು ಪೋಸ್ಟ್ 27.2 ಇದ್ದರೆ ಗೋಡೆ ತೆಳು, ಸಾಮಾನ್ಯವಾಗಿ ಒಳ್ಳೆ ಟ್ಯೂಬ್. 26ರ ಆಸುಪಾಸಿದ್ದರೆ ದಪ್ಪ, ಭಾರ. ಪೋಸ್ಟ್ ಅಲ್ಲಾಡದಿದ್ದರೆ ಸುಮ್ನೆ ಬಿಟ್ಟು ಬನ್ನಿ. ಅಲ್ಯೂಮಿನಿಯಂ ಪೋಸ್ಟ್ ಸ್ಟೀಲಿಗೆ ಕಚ್ಚಿಕೊಂಡರೆ ಏನಾಗುತ್ತದೆ ಅಂತ ನಾನು ಎರಡು ಭಾನುವಾರ, ಮೂರು ಗರಗಸದ ಬ್ಲೇಡು ಕಳೆದುಕೊಂಡು ಕಲಿತೆ.

ಆಮೇಲೆ ಹೆಡ್ ಟ್ಯೂಬಿನ (ಸ್ಟೀರರ್ ಕೂರುವ ಮುಂದಿನ ಕೊಳವೆ) ಹಿಂದೆ, ಅಲ್ಲಿಂದ ಪೆಡಲಿನ ಕಡೆಗೆ ಇಳಿಯುವ ಡೌನ್ ಟ್ಯೂಬಿನ ಕೆಳಮೈಗೆ ಬೆರಳು ಸವರಿ. ಸಣ್ಣ ಸುಕ್ಕು, ಬಣ್ಣ ಬಿರಿದ ಗೆರೆ ಸಿಕ್ಕರೆ ಮುಂದಿನಿಂದ ಗುದ್ದಿದೆ ಅಂತ ಅರ್ಥ, ಮುಟ್ಟಬೇಡಿ. ಮೇಲ್ಮೈ ತುಕ್ಕು ಪರವಾಗಿಲ್ಲ, ಆದರೆ ಬಾಟಮ್ ಬ್ರಾಕೆಟ್ (ಪೆಡಲಿನ ಅಚ್ಚು ಕೂರುವ ಜಾಗ) ಒಳಗೆ ಟಾರ್ಚ್ ಬಿಡಿ, ನೀರು ನಿಲ್ಲುವುದು ಅಲ್ಲೇ.

ಹೊಸ ಪೇಂಟ್ ನೋಡಿ ಮರುಳಾಗಬೇಡಿ, ಸಂಗ್ರಹಿಸುವವರಿಗೆ ಗೀರು ಬಿದ್ದ ಮೂಲ ಬಣ್ಣವೇ ಮೇಲು. ಬೆಲೆಗೆ ಬೇರೆಯವರು ಕೇಳುತ್ತಿರುವ ರೇಟ್ ನೋಡಬೇಡಿ, ಇದೇ ಮಾಡೆಲ್ ನಿಜವಾಗಿ ಎಷ್ಟಕ್ಕೆ ಮಾರಾಟವಾಗಿದೆ ಅಂತ ಹುಡುಕಿ.