ಗ್ಲೌಸ್ ಕೇಳಿದರೆ ಹಲ್ಲು ನೋಡಿದ ಟೀಚರ್

(ಗುರುತು ಸಿಗದಂತೆ ವಿವರ ಬದಲಿಸಿದ್ದೇನೆ.)

ಮಗನ ಉಚ್ಚಾರಣೆ ಬಗ್ಗೆ ಸಲಹೆ ಕೇಳಲು ಫ್ರಾನ್ಸಿನ ತುಲೂಝ್‌ನಿಂದ ನನಗೆ ವಿಡಿಯೊ ಕಾಲ್ ಮಾಡಿದ್ದರು ಒಬ್ಬ ತಾಯಿ. ಮಗ ಪುಟ್ಟನಿಗೆ ನಾಲ್ಕೂವರೆ ವರ್ಷ. ಅಲ್ಲಿ 2019ರಿಂದ ಮೂರು ವರ್ಷಕ್ಕೇ ಶಿಕ್ಷಣ ಕಡ್ಡಾಯ, ಪುಟ್ಟ ಶಾಲೆಗೆ ಹೋಗುತ್ತಾನೆ. ಹಗಲಿಡೀ ಫ್ರೆಂಚ್, ಮನೆಗೆ ಬಂದರೆ ಕನ್ನಡ.

ಚಳಿಗಾಲದಲ್ಲಿ ಒಂದಿನ ಪುಟ್ಟ ಟೀಚರ್ ಹತ್ತಿರ ಗ್ಲೌಸ್ ಕೇಳಿದ್ದಾನೆ. ಫ್ರೆಂಚಿನಲ್ಲಿ ಅದು ‘ಗಾಂ’. ಇವನ ಬಾಯಲ್ಲಿ ಬಂದದ್ದು ‘ದಾಂ’, ಅಂದರೆ ಹಲ್ಲು. ಟೀಚರ್ ಪಾಪ, ಬಾಯಿ ತೆರೆಸಿ ನೋಡಿದರಂತೆ. ಆಮೇಲೆ, “ಮನೆಯಲ್ಲೂ ಫ್ರೆಂಚೇ ಆಡಿ” ಅಂತ ಹೇಳಿ ಕಳಿಸಿದರಂತೆ.

“ನಾವೇ ಮಗುವನ್ನ ಕೆಡಿಸಿಬಿಟ್ವಾ ಮೇಡಂ?” ತಾಯಿ ಅತ್ತೇಬಿಟ್ಟರು.

ನಾನು ಪುಟ್ಟನಿಗೆ ತೆಂಗಿನಕಾಯಿ ತೋರಿಸಿದೆ. “ತಾಯಿ” ಅಂದ. ಕಾಗೆ “ತಾದೆ” ಆಯ್ತು. ಕ, ಗ ಎರಡೂ ಭಾಷೆಯಲ್ಲಿ ತ, ದ ಆಗುತ್ತಿವೆ. ನಾಲಿಗೆಯ ಹಿಂಭಾಗ ಏಳಬೇಕಾದ ಕಡೆ ತುದಿ ಏಳುತ್ತಿದೆ. ಎರಡು, ಮೂರು ವರ್ಷದವರಲ್ಲಿ ಇದು ಮಾಮೂಲು. ಈ ವಯಸ್ಸಿಗೂ ಉಳಿದರೆ ಸಹಾಯ ಬೇಕು. ಆದರೆ ಎರಡು ಭಾಷೆ ಇದಕ್ಕೆ ಕಾರಣ ಅಲ್ಲ. ಕನ್ನಡ ಬಿಟ್ಟರೆ ‘ಗಾಂ’ ಸರಿಹೋಗಲ್ಲ, ಅಜ್ಜಿ ಜೊತೆಗಿನ ಮಾತು ಹೋಗುತ್ತದೆ, ಅಷ್ಟೇ.

ಅಪ್ಪನ ದೂರು ಬೇರೆ. “ಳ ಬರಲ್ಲ. ರ ಗಂಟಲಲ್ಲಿ ಹೊರಡುತ್ತೆ. ಬೆಕ್ಕಿಗೆ ‘ಶಾ’ ಅನ್ನೋ ಬದಲು ‘ಸಾ’ ಅಂತಾನೆ.” ಇವಕ್ಕೆ ಕಾಯಬಹುದು ಅಂದೆ. ಫ್ರೆಂಚಿನ ರ ಹುಟ್ಟುವುದೇ ಗಂಟಲ ಹತ್ತಿರ. ಶ ಅಲ್ಲಿನ ಮಕ್ಕಳಿಗೂ ತಡವಾಗಿಯೇ ಬರುತ್ತದೆ. ಶಂಕರನನ್ನು ಸಂಕರ ಅನ್ನುವ ದೊಡ್ಡವರು ನಮ್ಮಲ್ಲೇ ಇಲ್ವಾ?

ಮೊದಲು ಕಿವಿ ಪರೀಕ್ಷೆ ಮಾಡಿಸಿ ಅಂದೆ. ಇವನಿಗೆ ಶೀತ ಜಾಸ್ತಿ. ಕಿವಿಯೊಳಗೆ ನೀರು ನಿಂತರೆ ಶಬ್ದ ಮಸುಕಾಗಿ ಕೇಳಿಸುತ್ತದೆ. ಆಮೇಲೆ ಡಾಕ್ಟರ ಚೀಟಿ ಹಿಡಿದು ‘ಓರ್ತೊಫೊನಿಸ್ತ್’ ಹತ್ತಿರ ಹೋಗಿ. ಸ್ಪೀಚ್ ಥೆರಪಿಸ್ಟ್‌ಗೆ ಅಲ್ಲಿನ ಹೆಸರು ಅದು. ಸರದಿ ಬರಲು ತಿಂಗಳುಗಟ್ಟಲೆ ಆಗಬಹುದು, ಇವತ್ತೇ ಹೆಸರು ಬರೆಸಿ. ಅವನ ಕನ್ನಡವನ್ನೂ ಫೋನಿನಲ್ಲಿ ರೆಕಾರ್ಡ್ ಮಾಡಿ ಕೇಳಿಸಿ.

ಮನೆಯಲ್ಲಿ “ಕಾ ಅನ್ನು, ಕಾ ಅನ್ನು” ಅಂತ ಕಾಡಬೇಡಿ. “ತಾದೆ ಬಂತು” ಅಂದರೆ “ಹೌದು, ಕಾಗೆ ಬಂತು! ಕರೀ ಕಾಗೆ” ಅಂದು ಸುಮ್ನೆ ಮುಂದೆ ಹೋಗಿ. ದಿನಕ್ಕೆ ಐದು ನಿಮಿಷ ಒಂದು ಆಟ. ಮುಂದೆ ತೆಂಗಿನಕಾಯಿ ಮತ್ತು ಅಮ್ಮನ ಫೋಟೊ. ಅವನು ಕೇಳಿದ್ದನ್ನು ನೀವು ಕೊಡಬೇಕು. ಕಾಯಿ ಬೇಕಾಗಿ “ತಾಯಿ” ಅಂದರೆ ಫೋಟೊನೇ ಕೊಡಿ, ನಗುತ್ತಾ.

ಮೂರು ವಾರಕ್ಕೆ ಫೋನ್ ಬಂತು. ಕಿವಿ ಚೆನ್ನಾಗಿದೆ, ಸರದಿ ಇನ್ನೂ ಬಂದಿಲ್ಲ. ಆಟದಲ್ಲಿ ಮೂರನೇ ಸಲವೂ ಫೋಟೊ ಸಿಕ್ಕಾಗ ಪುಟ್ಟ ಅದನ್ನು ಬದಿಗೆ ತಳ್ಳಿ ಕೂಗಿದನಂತೆ: “ಇದಲ್ಲಮ್ಮಾ, ತೆಂದಿನ ತಾಯಿ!”