ಕ್ಯಾಥೊಲಿಕ್ ಪ್ರಾಥಮಿಕ ಶಾಲೆಗೆ ಮೌಲ್ಯಾಧಾರಿತ ಪಠ್ಯಕ್ರಮ: ತಿಂಗಳಿಗೊಂದು ಮೌಲ್ಯ ಇಟ್ಟರೆ ಸಾಕೇ?

ಜೂನ್‌ಗೆ ಪ್ರಾಮಾಣಿಕತೆ, ಜುಲೈಗೆ ವಿಧೇಯತೆ, ಆಗಸ್ಟ್‌ಗೆ ದೇಶಪ್ರೇಮ. ಒಂದರಿಂದ ಐದನೇ ತರಗತಿಗೆ ಹತ್ತು ತಿಂಗಳಿಗೆ ಹತ್ತು ಮೌಲ್ಯ ಆರಿಸಬೇಕು, ಯಾವ ಪುಸ್ತಕ ಒಳ್ಳೆಯದು, ಅಂಕ ಹೇಗೆ ಕೊಡುವುದು ಎಂದು ಕೇಳಿದ್ದೀರಿ. ಮಂಗಳೂರು ಕಡೆಯ ಅನುದಾನಿತ ಶಾಲೆ, ಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚಿನವರು ಕ್ಯಾಥೊಲಿಕರಲ್ಲ ಎಂದೂ ಬರೆದಿದ್ದೀರಿ. ಈ ಪಟ್ಟಿ ನನಗೆ ಚೆನ್ನಾಗಿ ಗೊತ್ತು. ನಾನು ಈ ಕೆಲಸಕ್ಕೆ ಇಳಿದದ್ದೂ ಇಂಥದ್ದೇ ಪಟ್ಟಿ ಹಿಡಿದುಕೊಂಡು. ಆದ್ದರಿಂದ ಯಾವ ಹತ್ತು ಎಂದು ಹೇಳುವುದಿಲ್ಲ. ಪಟ್ಟಿಯೇ ಬೇಡ.

ಆ ಪಟ್ಟಿಯ ಒಂದು ವರ್ಷ ಹೇಗೆ ಸಾಗುತ್ತದೆ ನೋಡಿ. ಜೂನ್‌ನಲ್ಲಿ ಬಣ್ಣದ ಚಾರ್ಟ್, ಅಸೆಂಬ್ಲಿಯಲ್ಲಿ ಭಾಷಣ, ವಾರಕ್ಕೊಂದು ಮೋರಲ್ ಸೈನ್ಸ್ ಪಿರಿಯಡ್. ಕಟ್ಟಿಗೆ ಕಡಿಯುವವನ ಚಿನ್ನದ ಕೊಡಲಿ ಕಥೆ ಒಂದನೇ ತರಗತಿಗೂ ಬರುತ್ತದೆ, ಐದನೆಯದಕ್ಕೂ ಅದೇ ಬರುತ್ತದೆ. ಜುಲೈಯಲ್ಲಿ ಮಳೆಗೆ ಜಿಲ್ಲಾಧಿಕಾರಿಗಳ ರಜೆ, ಹೋದ ಪಾಠ ತುಂಬಿಸಲು ಮೊದಲು ಕೈ ಹೋಗುವುದು ಈ ಪಿರಿಯಡ್‌ಗೇ. ದಸರೆಗೆ ಮುಂಚೆ ಪರೀಕ್ಷೆ, ಆಮೇಲೆ ಕ್ರೀಡಾಕೂಟ, ಡಿಸೆಂಬರ್‌ನಲ್ಲಿ ಕ್ರಿಸ್ಮಸ್ ಕಾರ್ಯಕ್ರಮದ ರಿಹರ್ಸಲ್. ನವೆಂಬರಿನ ಒಂದು ಮಧ್ಯಾಹ್ನ ಮೂರನೇ ತರಗತಿಯಲ್ಲಿ ಒಬ್ಬಳ ಪೆನ್ಸಿಲ್ ಬಾಕ್ಸ್ ಕಾಣೆಯಾಗಿ ಇನ್ನೊಬ್ಬನ ಚೀಲದಲ್ಲಿ ಸಿಗುತ್ತದೆ. ಪ್ರಾಮಾಣಿಕತೆಯ ತಿಂಗಳು ಮುಗಿದು ಎಷ್ಟೋ ಕಾಲವಾಗಿದೆ. ಈ ಹೊತ್ತಿಗೆ ಏನು ಮಾಡಬೇಕೆಂದು ಟೀಚರ್‌ಗೆ ಯಾರೂ ಹೇಳಿಲ್ಲ. ಅವರು ಎಲ್ಲರೂ ಮಾಡುವುದನ್ನೇ ಮಾಡುತ್ತಾರೆ: ಹುಡುಗನನ್ನು ಹೊರಗೆ ನಿಲ್ಲಿಸಿ, ತಂದೆಯನ್ನು ಕರೆಸುತ್ತಾರೆ. ಆ ವರ್ಷ ಆ ತರಗತಿ ಪ್ರಾಮಾಣಿಕತೆಯ ಬಗ್ಗೆ ನಿಜವಾಗಿ ಕಲಿತ ಪಾಠ ಅದೊಂದೇ, ಸಿಕ್ಕಿಬೀಳಬಾರದು ಎಂದು.

ಮಾರ್ಚ್‌ನಲ್ಲಿ ಗ್ರೇಡ್. ನಲವತ್ತು ಕಾರ್ಡ್ ಮುಂದಿಟ್ಟುಕೊಂಡು ಟೀಚರ್ ಮೌಲ್ಯಕ್ಕೆ ಎ ಪ್ಲಸ್ ಕೊಡುವುದು ಯಾರಿಗೆ? ಸದ್ದು ಮಾಡದೆ ಕೂತ ಮಕ್ಕಳಿಗೆ. ಜಗಳ ಬಿಡಿಸಲು ನಡುವೆ ಹೋಗಿ ಅಂಗಿ ಹರಿದುಕೊಂಡವನಿಗೆ ಬಿ. ಇಷ್ಟು ವಿಸ್ತಾರವಾಗಿ ಹೇಳಲು ಕಾರಣವಿದೆ. ತಪ್ಪು ಇರುವುದು ಟೀಚರ್ ಹತ್ತಿರವಲ್ಲ, ಪುಸ್ತಕದಲ್ಲೂ ಅಲ್ಲ, ವಿನ್ಯಾಸದಲ್ಲಿ. ಗುಣವನ್ನು ತಿಂಗಳಿಗೆ ಕಟ್ಟಿದ್ದೀರಿ; ಮಕ್ಕಳ ಬದುಕಿನಲ್ಲಿ ಅದು ಬೇಕಾಗುವುದು ಸಂದರ್ಭ ಬಂದಾಗ. ಪುಸ್ತಕ ಬದಲಿಸಿದರೂ, ಹತ್ತರ ಬದಲು ಆರು ಮೌಲ್ಯ ಮಾಡಿದರೂ ಇದು ಸರಿಯಾಗುವುದಿಲ್ಲ.

ಮ್ಯಾನೇಜ್‌ಮೆಂಟಿಗೆ ಒಪ್ಪಿಸಲು ಒಂದು ಆಧಾರ ಕೊಡುತ್ತೇನೆ. ಜಗತ್ತಿನ ಕ್ಯಾಥೊಲಿಕ್ ಬಿಷಪ್ಪರೆಲ್ಲ ಸೇರಿದ ಎರಡನೇ ವ್ಯಾಟಿಕನ್ ಮಹಾಸಭೆ 1965ರ ಅಕ್ಟೋಬರ್ 28ರಂದು ಹೊರಡಿಸಿದ ಶಿಕ್ಷಣದ ಘೋಷಣೆ ಕ್ಯಾಥೊಲಿಕ್ ಶಾಲೆಯ ವಿಶೇಷ ಗುರುತೆಂದು ಹೇಳುವುದು ಯಾವುದೋ ವಿಷಯವನ್ನಲ್ಲ, ಪುಸ್ತಕವನ್ನಲ್ಲ. ಸ್ವಾತಂತ್ರ್ಯ ಮತ್ತು ಪ್ರೀತಿಯ, ಯೇಸುವಿನ ಶುಭಸಂದೇಶದ ಮನೋಭಾವ ತುಂಬಿದ ಸಮುದಾಯದ ವಾತಾವರಣವನ್ನು. ಶಾಲೆಯ ಆಡಳಿತ ನೋಡುವ ಕರೆಸ್ಪಾಂಡೆಂಟ್ ಫಾದರ್ ಇದನ್ನು ಸೆಮಿನರಿಯಲ್ಲಿ ಓದಿಯೇ ಇರುತ್ತಾರೆ.

ಹಾಗಾದರೆ ಎಲ್ಲಿಂದ ಶುರು? ನಿಮ್ಮ ಈಗಿನ ನಿಯಮಗಳಿಂದ. ಮೂವರು ಟೀಚರ್‌ಗಳಿಗೆ ಒಂದೊಂದು ನೋಟ್‌ಬುಕ್ ಕೊಟ್ಟು ಐದು ದಿನ ಬರೆಯಲು ಹೇಳಿ: ತಡವಾಗಿ ಬಂದವರಿಗೆ ಏನಾಗುತ್ತದೆ, ಅಸೆಂಬ್ಲಿಯಲ್ಲಿ ಮೈಕ್ ಹಿಡಿಯುವವರು ಯಾರು, ಮೊದಲ ಬೆಂಚು ಯಾರದು, ಕಸ ಗುಡಿಸುವವರು ಯಾರು, ಫೀಸು ಬಾಕಿ ಇದ್ದವರ ಹೆಸರು ಎಲ್ಲಿ ಕೂಗುತ್ತಾರೆ. ಇದೇ ನಿಮ್ಮ ಈಗಿನ ಮೌಲ್ಯ ಪಠ್ಯಕ್ರಮ, ಬರೆದಿಲ್ಲ ಅಷ್ಟೆ. ಹೆಚ್ಚಿನ ಶಾಲೆಗಳಲ್ಲಿ ಗುಡಿಸುವುದು ಹುಡುಗಿಯರು, ಮೈಕ್ ಹಿಡಿಯುವುದು ವರ್ಷವಿಡೀ ಅದೇ ನಾಲ್ಕೈದು ಮಕ್ಕಳು ಎಂದು ಹೊರಬರುತ್ತದೆ. ಮೊದಲು ಇದನ್ನು ಸರಿಪಡಿಸಿ. ಗುಡಿಸುವ ಸರದಿಯಲ್ಲಿ ಹುಡುಗರೂ ಬರಲಿ, ಟೀಚರ್ ಹೆಸರೂ ಬರಲಿ. ಶೌಚಾಲಯವನ್ನು ಮಾತ್ರ ಮಕ್ಕಳ ಕೈಯಲ್ಲಿ ತೊಳೆಸುವ ಮಾತೇ ಬೇಡ.

ಆಮೇಲೆ ನಾಲ್ಕು ಎಳೆ ಇಟ್ಟುಕೊಳ್ಳಿ. ಧರ್ಮಸಭೆಯ (ಕ್ಯಾಥೊಲಿಕ್ ಚರ್ಚ್‌ನ) ಸಾಮಾಜಿಕ ಬೋಧನೆಯಲ್ಲಿ ಇವು ಸಿದ್ಧವಾಗಿಯೇ ಇವೆ: ಪ್ರತಿ ಮನುಷ್ಯನ ಘನತೆ, ಎಲ್ಲರ ಒಳಿತು, ಒಗ್ಗಟ್ಟು, ಸೃಷ್ಟಿಯ ಆರೈಕೆ. ಕೊನೆಯದಕ್ಕೆ ಪೋಪ್ ಫ್ರಾನ್ಸಿಸರು ಪರಿಸರದ ಬಗ್ಗೆ ಬರೆದ 2015ರ ಪತ್ರ ‘ಲಾವ್ದಾತೊ ಸಿ’ ಬಲ ಕೊಡುತ್ತದೆ. ಸಂವಿಧಾನದ ಪೀಠಿಕೆ ಓದುವಾಗ ಬರುವ ನ್ಯಾಯ, ಸ್ವಾತಂತ್ರ್ಯ, ಸಮಾನತೆ, ಭ್ರಾತೃತ್ವದ ಪಕ್ಕದಲ್ಲಿ ಇವನ್ನಿಟ್ಟರೆ ಬೇರೆ ಧರ್ಮದ ಪೋಷಕರಿಗೂ ಮುಜುಗರವಿಲ್ಲ. ಈ ನಾಲ್ಕೂ ಐದು ವರ್ಷವೂ ಇರುತ್ತವೆ, ಬದಲಾಗುವುದು ಮಗುವಿನಿಂದ ನಿರೀಕ್ಷಿಸುವ ಕೆಲಸ. ಸಂದರ್ಭಗಳೂ ನಾಲ್ಕೇ ಸಾಕು: ಏನಾದರೂ ಒಡೆದಾಗ, ಕಳೆದಾಗ ಅಥವಾ ಜಗಳವಾದಾಗ; ಊಟದ ಹೊತ್ತು; ಯಾರು ಮುಂದೆ, ಯಾರು ಹಿಂದೆ ಎಂಬ ಸರದಿ; ತರಗತಿ ಬಿಡುವಾಗಿನ ಕಸ, ನೀರು, ದೀಪ. ಮೊದಲ ವರ್ಷ ಎರಡನ್ನೇ ತೆಗೆದುಕೊಳ್ಳಿ ಎನ್ನುತ್ತೇನೆ. ನಾಲ್ಕನ್ನೂ ಒಟ್ಟಿಗೆ ಹಿಡಿದರೆ ಮತ್ತೆ ಚಾರ್ಟ್‌ಗೇ ಬಂದು ನಿಲ್ಲುತ್ತೀರಿ.

ಮೊದಲ ಸಂದರ್ಭವನ್ನು ಪೂರ್ತಿ ಬಿಡಿಸಿ ತೋರಿಸುತ್ತೇನೆ, ಉಳಿದವನ್ನು ನೀವೇ ಮಾಡಬಹುದು. ಇಡೀ ಶಾಲೆಗೆ ಮೂರು ಪ್ರಶ್ನೆ: ಏನಾಯ್ತು? ಯಾರಿಗೆ ತೊಂದರೆ ಆಯ್ತು? ಸರಿ ಮಾಡೋಕೆ ಏನು ಮಾಡ್ತೀಯ? ‘ಯಾಕೆ ಮಾಡಿದೆ’ ಎಂದು ಕೇಳಬೇಡಿ. ಏಳು ವರ್ಷದ ಮಗುವಿನ ಹತ್ತಿರ ಅದಕ್ಕೆ ಉತ್ತರವಿರುವುದಿಲ್ಲ, ಸುಳ್ಳು ಹುಟ್ಟುವುದು ಅಲ್ಲೇ. ಒಂದನೇ ತರಗತಿಯ ಮಗು ಆದದ್ದನ್ನು ಮೊದಲಿನಿಂದ ಕೊನೆಯವರೆಗೆ ಕ್ರಮವಾಗಿ ಹೇಳಿದರೆ ಸಾಕು. ಎರಡರಲ್ಲಿ ಇನ್ನೊಬ್ಬರು ಹೇಳುವುದನ್ನು ನಡುವೆ ಬಾಯಿ ಹಾಕದೆ ಕೇಳಬೇಕು. ಮೂರರಲ್ಲಿ ಸರಿಪಡಿಸುವ ಕೆಲಸವನ್ನು ಮಗುವೇ ಸೂಚಿಸಬೇಕು, ಅದೇ ದಿನ ಮಾಡಬೇಕು: ಹರಿದ ಪುಸ್ತಕಕ್ಕೆ ಅಂಟು ಹಚ್ಚುವುದು, ಚೆಲ್ಲಿದ ನೀರು ಒರೆಸುವುದು. ನಾಲ್ಕರಲ್ಲಿ ಚಾಡಿಗೂ ಸಹಾಯ ಕೇಳುವುದಕ್ಕೂ ವ್ಯತ್ಯಾಸ ತಿಳಿಯಬೇಕು. ಐದರಲ್ಲಿ ತಪ್ಪು ಮಾಡಿದವನು ತನ್ನ ಗೆಳೆಯನೇ ಆಗಿದ್ದರೂ ಆದದ್ದನ್ನು ಹೇಳಬೇಕು. ಇದು ದೊಡ್ಡವರಿಗೂ ಕಷ್ಟ, ಅದಕ್ಕೇ ಕೊನೆಗಿಟ್ಟದ್ದು.

ಇದು ಕೆಡುವ ಜಾಗಗಳು ಎರಡು. ಒಂದು, ‘ಸಾರಿ ಹೇಳು’ ಎಂದು ಟೀಚರ್ ಅರ್ಧ ನಿಮಿಷದಲ್ಲಿ ಮುಗಿಸುವುದು. ಸಾರಿ ಬಾಯಿಗೆ ಬರುತ್ತದೆ, ಮೂರನೇ ಪ್ರಶ್ನೆ ಬಿಟ್ಟೇ ಹೋಗುತ್ತದೆ. ಇನ್ನೊಂದು ಗಂಭೀರ: ಮೈಮುಟ್ಟುವ ದೌರ್ಜನ್ಯ, ಒಬ್ಬನನ್ನೇ ಗುರಿಮಾಡಿದ ನಿರಂತರ ಪೀಡೆ ಇಂಥವನ್ನೂ ಈ ಮೂರು ಪ್ರಶ್ನೆಗೆ ತಂದು ಇಬ್ಬರನ್ನೂ ಎದುರುಬದುರು ಕೂರಿಸುವುದು. ಖಂಡಿತ ಕೂಡದು. ಲೈಂಗಿಕ ದೌರ್ಜನ್ಯದ ಅನುಮಾನವಿದ್ದರೆ ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ 2012ರ ಪೋಕ್ಸೊ ಕಾಯ್ದೆಯಂತೆ ವರದಿ ಮಾಡುವುದು ಕಡ್ಡಾಯ. ಅದು ಸಂಧಾನದ ವಿಷಯವಲ್ಲ. ಹೊಡೆತ, ಅವಮಾನ ಎರಡನ್ನೂ 2009ರ ಶಿಕ್ಷಣ ಹಕ್ಕು ಕಾಯ್ದೆ ನಿಷೇಧಿಸಿದೆ. ಅಲ್ಪಸಂಖ್ಯಾತ ಶಾಲೆಗೆ ಆ ಕಾಯ್ದೆ ಅನ್ವಯಿಸುವುದಿಲ್ಲ ಎಂದು 2014ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆಯಲ್ಲ ಎಂದು ಯಾರಾದರೂ ವಾದ ತೆಗೆದರೆ ಒಂದೇ ಪ್ರಶ್ನೆ ಕೇಳಿ: ಬೆತ್ತಕ್ಕೆ ವಿನಾಯಿತಿ ಕೇಳುವ ಶಾಲೆ ಮೌಲ್ಯದ ಪಠ್ಯಕ್ರಮ ಬರೆಯುವುದು ಯಾತಕ್ಕೆ?

ಸಮಯವಿಲ್ಲ ಎನ್ನುವವರಿಗೆ ಲೆಕ್ಕ. ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿಯಲ್ಲಿ ಒಂದರಿಂದ ಐದನೇ ತರಗತಿಗೆ ವರ್ಷಕ್ಕೆ 200 ದಿನ, 800 ಬೋಧನಾ ಗಂಟೆ. ದಿನಕ್ಕೆ ಬೆಳಿಗ್ಗೆ 10 ನಿಮಿಷ, ಸಂಜೆ 5 ನಿಮಿಷ ಇಟ್ಟರೆ 50 ಗಂಟೆ. ವಾರಕ್ಕೊಂದು 40 ನಿಮಿಷದ ತರಗತಿ ಸಭೆಗೆ ಸುಮಾರು 23 ಗಂಟೆ. ಎಲ್ಲ ಸೇರಿ ಹತ್ತನೇ ಒಂದು ಭಾಗವೂ ಆಗುವುದಿಲ್ಲ. ಸಂಜೆಯ ಐದು ನಿಮಿಷ ಯೇಸುಸಭೆ (ಜೆಸ್ವಿಟ್) ಸ್ಥಾಪಿಸಿದ ಸಂತ ಇಗ್ನೇಷಿಯಸರ ದಿನಾಂತ್ಯದ ಆತ್ಮಾವಲೋಕನದ ಮಕ್ಕಳ ರೂಪ. ಚೀಲ ಕಟ್ಟಿದ ಮೇಲೆ ಎರಡು ಪ್ರಶ್ನೆ: ಇವತ್ತು ನಿನಗೆ ಯಾರು ಸಹಾಯ ಮಾಡಿದರು? ನಾಳೆ ಯಾರ ಜೊತೆ ಒಂದು ಮಾತು ಆಡಬೇಕಿದೆ? ಒಂದು, ಎರಡನೇ ತರಗತಿಗೆ ಅರ್ಧ ನಿಮಿಷ ಮೌನ, ಐದನೆಯದಕ್ಕೆ ಎರಡು ನಿಮಿಷ. ಉತ್ತರವನ್ನು ಗಟ್ಟಿಯಾಗಿ ಹೇಳಿಸಬೇಡಿ. ಹೇಳಿಸಿದ ದಿನವೇ ಅದು ತಪ್ಪೊಪ್ಪಿಗೆ ಸಭೆಯಾಗುತ್ತದೆ, ಮರುದಿನದಿಂದ ಮಕ್ಕಳು ಟೀಚರ್‌ಗೆ ಇಷ್ಟವಾಗುವ ಉತ್ತರ ಹೊಸೆಯುತ್ತಾರೆ.

ಪಾಠಗಳೊಳಗೆ ಸೇರಿಸುವುದು ಇದಕ್ಕಿಂತ ಸುಲಭ. ನಾಲ್ಕನೇ ತರಗತಿ ಗಣಿತದಲ್ಲಿ ಐದು ದಿನ ಬಿಸಿಯೂಟದಲ್ಲಿ ಉಳಿದದ್ದನ್ನು ಬಕೆಟ್‌ಗೆ ಹಾಕಿ ತೂಗುವ ತಕ್ಕಡಿಯಲ್ಲಿ ತೂಗಿ, ಖಾಲಿ ಬಕೆಟ್ ತೂಕ ಕಳೆದು, ಸ್ತಂಭಾಲೇಖ ಮಾಡಿ. ಇಲ್ಲಿ ‘ಅನ್ನ ಬಿಸಾಡಬಾರದು’ ಎಂದು ಬೋರ್ಡ್ ಮೇಲೆ ಬರೆದರೆ ಪಾಠ ಸತ್ತಿತು. ಯಾವ ದಿನ ಹೆಚ್ಚು ಉಳಿಯಿತು, ಯಾಕೆ ಎಂದು ಕೇಳಿ. ಬಹಳ ಸಲ ಮಕ್ಕಳ ದುರಾಸೆ ಕಾರಣವಲ್ಲ, ಒಂದನೇ ತರಗತಿಗೂ ಐದನೆಯದಕ್ಕೂ ಒಂದೇ ಸೌಟಿನ ಅಳತೆ ಬಡಿಸಿದ್ದು. ಮೊದಲು ಸ್ವಲ್ಪ, ಆಮೇಲೆ ಕೇಳಿದಷ್ಟು ಎಂದು ಮಕ್ಕಳೇ ನಿರ್ಧರಿಸಿ ಮತ್ತೆ ಐದು ದಿನ ತೂಗಲಿ. ಮೊಟ್ಟೆ ತಿನ್ನುವವರದ್ದು ಒಂದು ಸಾಲು, ಬಾಳೆಹಣ್ಣು ತಿನ್ನುವವರದ್ದು ಇನ್ನೊಂದು ಸಾಲು ಮಾಡಿದ್ದೀರಾ ಎಂದೂ ನೋಡಿಕೊಳ್ಳಿ. ತಟ್ಟೆ ಬೇರೆಯಾಗಲಿ, ಪಂಕ್ತಿ ಒಂದೇ ಇರಲಿ.

ಸೆಪ್ಟೆಂಬರ್ 8ರ ಮೊಂತಿ ಹಬ್ಬ, ಅಂದರೆ ಮರಿಯಮ್ಮನ ಹುಟ್ಟುಹಬ್ಬ, ನಿಮ್ಮ ಊರಿನ ದೊಡ್ಡ ಅವಕಾಶ. ಒಂಬತ್ತು ದಿನ ಮಕ್ಕಳು ಮರಿಯಮ್ಮನಿಗೆ ಹೂ ತರುತ್ತಾರೆ, ಹಬ್ಬದ ದಿನ ಹೊಸ ತೆನೆ ಮನೆಗೆ ಬರುತ್ತದೆ. ಪಕ್ಕದ ಹಿಂದೂ ಮನೆಗಳಲ್ಲೂ ತೆನೆ ಕಟ್ಟುವುದು, ಹೊಸ ಅಕ್ಕಿ ಊಟ ಇದ್ದೇ ಇದೆ. ಪರಿಸರ ಅಧ್ಯಯನದಲ್ಲಿ ಮೂರನೇ ತರಗತಿ ಮಕ್ಕಳು ಮನೆಯಲ್ಲಿ ಕೇಳಿ ಬರಲಿ: ನಿಮ್ಮಲ್ಲಿ ಹೊಸ ಅಕ್ಕಿ ಹೇಗೆ ತರುತ್ತೀರಿ, ಯಾರಿಗೆ ಮೊದಲು ಬಡಿಸುತ್ತೀರಿ, ಆ ಭತ್ತ ಬೆಳೆದವರು ಯಾರು? ಮುಸ್ಲಿಂ ಮನೆಯ ಮಗುವಿಗೆ ಮೂರನೇ ಪ್ರಶ್ನೆಯಾದರೂ ಸಿಗುತ್ತದೆ. ಲೂಕನ ಶುಭಸಂದೇಶದ ಹತ್ತನೇ ಅಧ್ಯಾಯದ ಸಮಾರ್ಯದವನ ಕಥೆಯನ್ನೂ ಎಲ್ಲರಿಗೂ ಹೇಳಬಹುದು, ನೀತಿ ಹೇಳದೆ. ಅವನು ಮಾಡಿದ ಕೆಲಸಗಳನ್ನು ಮಕ್ಕಳೇ ಹೇಳಲಿ: ಹತ್ತಿರ ಹೋದ, ಎಣ್ಣೆ ಮತ್ತು ದ್ರಾಕ್ಷಾರಸ ಹಾಕಿ ಗಾಯ ಕಟ್ಟಿದ, ತನ್ನ ಪ್ರಾಣಿಯ ಮೇಲೆ ಕೂರಿಸಿದ, ಛತ್ರಕ್ಕೆ ಕರೆದೊಯ್ದ, ಎರಡು ದಿನಾರಿ ಕೊಟ್ಟ, ಹೆಚ್ಚಾದರೆ ಬರುವಾಗ ಕೊಡುತ್ತೇನೆಂದ. ಆಮೇಲೆ ಆಟದ ಬಯಲಲ್ಲಿ ಬಿದ್ದವನಿಗೆ ನಮ್ಮ ತರಗತಿ ಏನೇನು ಮಾಡಬಹುದು ಎಂಬ ಪಟ್ಟಿ. ಈ ಒಂದು ಪಟ್ಟಿಗೆ ನನ್ನ ಒಪ್ಪಿಗೆಯಿದೆ.

ಕ್ಯಾಟೆಕಿಸಂ, ಅಂದರೆ ಕ್ಯಾಥೊಲಿಕ್ ಮಕ್ಕಳ ಧರ್ಮೋಪದೇಶ ಬೇರೆ, ಇದು ಬೇರೆ. ‘ಕ್ಯಾಥೊಲಿಕ್ ಮಕ್ಕಳು ಆ ಕೋಣೆ, ಉಳಿದವರು ಮೋರಲ್ ಸೈನ್ಸ್‌ಗೆ ಈ ಕೋಣೆ’ ಎಂದು ವಿಭಜಿಸುವ ಪಿರಿಯಡ್‌ನಲ್ಲೇ ಒಗ್ಗಟ್ಟಿನ ಪಾಠ ಇಡುವುದು ನಗೆಪಾಟಲು. ಮೌಲ್ಯದ ಕೆಲಸಕ್ಕೆ ಎಲ್ಲರೂ ಒಟ್ಟಿಗೆ ಇರಲಿ. ಧರ್ಮೋಪದೇಶವನ್ನು ಶಾಲೆ ಶುರುವಾಗುವ ಮೊದಲೋ ಚರ್ಚ್‌ನ ಭಾನುವಾರದ ತರಗತಿಗೋ ಕಳಿಸಿ. ಸಂವಿಧಾನದ 28(3)ನೇ ವಿಧಿಯಂತೆ ಮಾನ್ಯತೆ ಅಥವಾ ಅನುದಾನ ಪಡೆದ ಶಾಲೆಯಲ್ಲಿ ಪೋಷಕರ ಒಪ್ಪಿಗೆಯಿಲ್ಲದೆ ಮಗುವನ್ನು ಧಾರ್ಮಿಕ ಬೋಧನೆಗೆ, ಪೂಜೆಗೆ ಕೂರಿಸುವಂತಿಲ್ಲ. 30ನೇ ವಿಧಿಯ ಅಲ್ಪಸಂಖ್ಯಾತ ಹಕ್ಕು ಇದನ್ನು ಅಳಿಸುವುದಿಲ್ಲ. ಆ ಒಪ್ಪಿಗೆಯನ್ನು ಪ್ರವೇಶ ಅರ್ಜಿಯ ಕೊನೆಯ ಸಾಲಿನಲ್ಲಿ ಸೇರಿಸಬೇಡಿ. ಪ್ರತ್ಯೇಕ ಹಾಳೆ, ಕನ್ನಡದಲ್ಲಿ, ಬೇಡ ಎನ್ನಲು ಒಂದು ಚೌಕ, ಪ್ರತಿವರ್ಷ ಹೊಸದಾಗಿ. ಬೇಡ ಎಂದವರ ಮಗು ಆ ಹೊತ್ತಿಗೆ ವರಾಂಡದಲ್ಲಿ ಸುಮ್ಮನೆ ಕೂರಬಾರದು, ಗ್ರಂಥಾಲಯದ ಕೆಲಸವೋ ಚಿತ್ರಕಲೆಯೋ ಸಿದ್ಧವಿರಲಿ.

ಅಂಕದ ವಿಷಯ ಚುಟುಕಾಗಿ. ಇಲಾಖೆಯ ನಮೂನೆ ಗ್ರೇಡ್ ಕೇಳಿದರೆ ತುಂಬಿಸಿ, ಅದಕ್ಕೆ ಬಹುಮಾನ, ಬ್ಯಾಡ್ಜ್ ಕಟ್ಟಬೇಡಿ. ನಿಜವಾದ ದಾಖಲೆ ಟೀಚರ್ ಡೈರಿಯಲ್ಲಿ: ದಿನಕ್ಕೆ ಮೂರು ಮಕ್ಕಳು, ತಲಾ ಒಂದು ಸಾಲು. 36 ಮಕ್ಕಳಿದ್ದರೆ 12 ದಿನಕ್ಕೊಮ್ಮೆ ಎಲ್ಲರೂ ಬರುತ್ತಾರೆ, ಹಿಂದಿನ ಬೆಂಚಿನ ಮೌನಿಯೂ. ‘ಒಳ್ಳೆಯ ಹುಡುಗಿ’ ಎಂದು ಬರೆಯುವಂತಿಲ್ಲ, ‘ಮಳೆಯಲ್ಲಿ ಒಂದನೇ ತರಗತಿಯವಳಿಗೆ ಕೊಡೆ ಹಿಡಿದು ಗೇಟಿನವರೆಗೆ ಹೋದಳು’ ಎಂದೇ ಬರೆಯಬೇಕು. ಅಳೆಯಲೇಬೇಕು ಎಂದಾದರೆ ಶಾಲೆಯನ್ನು ಅಳೆಯಿರಿ: ಕಳೆದ ವಸ್ತುಗಳ ಪೆಟ್ಟಿಗೆಯಿಂದ ಎಷ್ಟು ಒಡೆಯರ ಕೈ ಸೇರಿದವು, ಒಂದು ತಿಂಗಳಲ್ಲಿ ಮೈಕ್ ಮುಂದೆ ಎಷ್ಟು ಬೇರೆಬೇರೆ ಮಕ್ಕಳು ನಿಂತರು, ಎಷ್ಟು ಜಗಳ ಹೆಡ್‌ಮಾಸ್ಟರ್ ಕೋಣೆಯವರೆಗೆ ಬಂದವು.

ಟೀಚರ್‌ಗಳಿಗೆ ಮೇ ಕೊನೆಯಲ್ಲಿ ಎರಡು ದಿನದ ತರಬೇತಿ ಸಾಕು, ಭಾಷಣಕಾರರು ಬೇಡ. ಪೆನ್ಸಿಲ್ ಬಾಕ್ಸ್‌ನಂಥ ಆರು ಪ್ರಸಂಗ ಕೊಟ್ಟು ಒಬ್ಬರು ಮಗುವಾಗಿ, ಒಬ್ಬರು ಟೀಚರಾಗಿ ಮೂರು ಪ್ರಶ್ನೆಗಳನ್ನು ಆಡಿ ನೋಡಲಿ. ಆಮೇಲೆ ಹದಿನೈದು ದಿನಕ್ಕೊಮ್ಮೆ ಅರ್ಧ ಗಂಟೆ, ಆ ಹದಿನೈದು ದಿನಗಳಲ್ಲಿ ಎಡವಟ್ಟಾದ ಒಂದು ಪ್ರಸಂಗದ ಚರ್ಚೆ. ಈ ಅರ್ಧ ಗಂಟೆ ತಪ್ಪಿದರೆ ದೀಪಾವಳಿ ಹೊತ್ತಿಗೆ ಎಲ್ಲರೂ ಹಳೆಯ ದಾರಿಗೆ ಮರಳಿರುತ್ತಾರೆ.

ಇಷ್ಟಾಗಿಯೂ ಮ್ಯಾನೇಜ್‌ಮೆಂಟ್ ‘ಪುಸ್ತಕ ಎಲ್ಲಿ’ ಎಂದು ಕೇಳುತ್ತದೆ. ತರಗತಿಗೊಂದರಂತೆ ಐದು ಹಾಳೆ ಮಾಡಿ. ಎಡಗಡೆ ಸಂದರ್ಭ, ನಡುವೆ ಮಗು ಮಾಡಬೇಕಾದ್ದು, ಬಲಗಡೆ ಟೀಚರ್ ಹೇಳಬೇಕಾದ ಮಾತು. ಪೆನ್ಸಿಲ್‌ನಲ್ಲಿ ಬರೆಯಿರಿ, ಡಿಸೆಂಬರ್ ರಜೆಗೆ ಮುಂಚೆ ತಿದ್ದಿ, ಮುಂದಿನ ಜೂನ್‌ಗೆ ಟೈಪ್ ಮಾಡಿಸಿ.